ಕೊನೆಯ ರೀಲಿನಲ್ಲಿ ಮಾತಾಡಿದವನು ನಾನು

ನಂಬದೆ ಇರಿ ನೋಡೋಣ — ಧೈರ್ಯ ಇದ್ದರೆ. ಒಬ್ಬ ದೊಡ್ಡ ತೆಲುಗು ಲೇಖಕರು, ಸಿನಿಮಾ ನಿರ್ದೇಶಕರು, ನಲವತ್ತು ವರ್ಷದಿಂದ ಸಭೆ ಸಭೆಯಲ್ಲಿ ಒಂದು ಮಾತು ಹೇಳಿಕೊಂಡು ಬಂದಿದ್ದಾರೆ: ಕಲೆಗೆ ಭಾಷೆ ಬೇಡ, ಮೌನ ಸಾಕು, ಅದಕ್ಕೆ ಕೋಲಾರದ ಚಿನ್ನದ ಗಣಿಯ ಊರು ಕೆಜಿಎಫ್‌ನ ಜನವೇ ಸಾಕ್ಷಿ. ಆ ಸಾಕ್ಷಿಯನ್ನು ಕೆಡಿಸಿದವನು ನಾನು. ಅವರ ಸಿನಿಮಾದ ಕೊನೆಯ ರೀಲಿನಲ್ಲಿ ಒಂದು ಮಾತೂ ಇರಲಿಲ್ಲ. ಅಲ್ಲಿ ಮಾತಾಡಿದವನು ನಾನು — ಕೆಜಿಎಫ್ ರಾಬರ್ಟ್‌ಸನ್‌ಪೇಟೆಯ ಒಂದು ಟಾಕೀಸಿನ ಆಪರೇಟರ್ ಪಿಳ್ಳಪ್ಪ. ಅವರೇ ಬಂದು ಕೈ ಹಿಡಿದು ಕೇಳಿದಾಗ ಸುಳ್ಳು ಹೇಳಿದವನೂ ನಾನೇ.

ಈಗ ಆ ಟಾಕೀಸು ಇಲ್ಲ, ಕಲ್ಯಾಣಮಂಟಪವಾಗಿದೆ. ನನಗೂ ಎಪ್ಪತ್ತೆರಡಾಯಿತು. ಆದರೆ ಆ ಕಾಲದಲ್ಲಿ, ಸ್ವಾಮಿ, ಆಪರೇಟರ್ ಅಂದರೆ ಏನು ಅಂದುಕೊಂಡಿರಿ! ಎರಡು ಮೆಷಿನ್ನು, ಒಂದರಲ್ಲಿ ರೀಲು ಮುಗಿಯುವ ಹೊತ್ತಿಗೆ ಇನ್ನೊಂದು ಹತ್ತಬೇಕು. ಬೇರೆ ಊರಿನವರು ಪರದೆಯ ಮೂಲೆಯಲ್ಲಿ ಬೀಳುವ ಚುಕ್ಕಿ ನೋಡಿ ಬದಲಾಯಿಸುತ್ತಿದ್ದರು. ನಾನು ಗೋಡೆಗೆ ಮುಖ ಮಾಡಿ ದೋಸೆ ತಿನ್ನುತ್ತಾ ಮೆಷಿನ್ನಿನ ಸದ್ದಿನಲ್ಲೇ ಬದಲಾಯಿಸುತ್ತಿದ್ದೆ. ಒಂದು ಕ್ಷಣವೂ ಪರದೆಯನ್ನು ಬೆಳ್ಳಗೆ ಬಿಟ್ಟವನಲ್ಲ.

ಬೂತಿನಲ್ಲಿ ಒಂದು ಮೈಕೂ ಇತ್ತು. ಮುಂದಿನ ಸಿನಿಮಾ ಯಾವುದು, ಮಗು ಕಳೆದುಹೋಗಿದೆ, ಸೈಕಲ್ ಅಡ್ಡ ನಿಲ್ಲಿಸಿದ್ದೀರಿ — ಇಂಥವನ್ನು ಹೇಳುವುದಕ್ಕೆ. ಅದು ನನ್ನ ಕೈಯಲ್ಲಿದ್ದದ್ದೇ ತಪ್ಪು. ಒಂದು ಸಲ ಇಂಟರ್ವೆಲ್ಲಿನಲ್ಲಿ, “ಕಾಮಸಮುದ್ರದ ಕೃಷ್ಣಪ್ಪನವರೇ, ನಿಮ್ಮ ಮನೆಯವರು ಗೇಟಿನ ಹತ್ತಿರ ಕಾಯುತ್ತಿದ್ದಾರೆ” ಎಂದು ಸುಮ್ಮನೆ ಹೇಳಿದೆ. ಮೂರು ಜನ ಎದ್ದರು. ಮೂವರೂ ಹಿಂದಿನ ಬಾಗಿಲಿನಿಂದ ಓಡಿದರು! ಅದರಲ್ಲಿ ಒಬ್ಬರಿಗೆ ಮದುವೆಯೇ ಆಗಿರಲಿಲ್ಲ.

ಇಂಥ ನನ್ನ ಕೈಗೆ ಆ ದೊಡ್ಡ ಲೇಖಕರ, ಶೇಷಾಚಲಂ ಗಾರು ಅವರ ಮೊದಲ ಸಿನಿಮಾ ಬಂತು. ಅವರು ಆಗಲೇ ಕಥೆಗಳನ್ನು ಬರೆದು ಆಂಧ್ರದಲ್ಲಿ ಹೆಸರು ಮಾಡಿದ್ದವರು. ಸಿನಿಮಾ ಮಾತ್ರ ಅಲ್ಲಿ ಎಲ್ಲ ಕಡೆ ಮೂರೇ ದಿನಕ್ಕೆ ಎದ್ದುಹೋಗಿತ್ತು. ನಮ್ಮ ಮ್ಯಾನೇಜರು ಕಡಿಮೆಗೆ ಸಿಕ್ಕಿತೆಂದು ತಂದು ಹಾಕಿದ. ಸುಣ್ಣದ ಗೂಡು ಸುಡುವ ಒಬ್ಬ ಅಪ್ಪ, ತಾಯಿಯಿಲ್ಲದ ಒಬ್ಬಳು ಮಗಳು. ಮಗಳು ನರ್ಸ್ ಟ್ರೈನಿಂಗಿಗೆ ಪಟ್ಟಣಕ್ಕೆ ಹೋಗಬೇಕು. ಕೊನೆಯ ರೀಲಿನಲ್ಲಿ ಅಪ್ಪ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಮುಂದೆ, ಮಗಳು ಹಿಂದೆ, ಬಸ್ಸಿನ ರಸ್ತೆಗೆ ನಡೆಯುತ್ತಾರೆ. ಹತ್ತು ನಿಮಿಷ. ಮಾತಿಲ್ಲ, ಹಾಡಿಲ್ಲ, ಕಾಲಿನ ಸದ್ದೂ ಇಲ್ಲ — ಪೂರ್ತಿ ಅಳಿಸಿಬಿಟ್ಟಿದ್ದರು. ಬಸ್ಸು ಬರುತ್ತದೆ, ಅವಳು ಹತ್ತುತ್ತಾಳೆ, ಅವನು ನಿಂತೇ ಇರುತ್ತಾನೆ. ಮುಗಿಯಿತು.

ಮೊದಲ ದಿನ, ಮ್ಯಾಟ್ನಿ. ಮೌನ ಶುರುವಾಗಿ ಎರಡು ನಿಮಿಷ ಆಗಿರಬಹುದು. ಕೆಳಗಿನಿಂದ ಎದ್ದಿತು ನೋಡಿ ಗಲಾಟೆ!

“ಸೌಂಡ್! ಸೌಂಡ್ ಬುಡ್ಲಾ!”

“ಡೇಯ್ ಆಪರೇಟರ್, ತೂಂಗಿಟ್ಟಿಯಾ?”

“ಯಾವನ್ಲಾ ಅವ್ನು ಒಳಗೆ? ಮೆಷಿನ್ ಮ್ಯಾಲೆ ತಲೆ ಮಡೀಕೊಂಡು ಮಲಗವ್ನಾ?”

ಬೆಂಚು ಬಡಿದರು. ಒಂದು ಚಪ್ಪಲಿ ಹಾರಿಬಂದು ಪರದೆಯ ಮೇಲೆ ಅಪ್ಪನ ಕೆನ್ನೆಗೇ ಬಿತ್ತು. ಇನ್ನರ್ಧ ನಿಮಿಷ ಬಿಟ್ಟರೆ ಕುರ್ಚಿ ಮುರಿಯುತ್ತಿದ್ದರು, ಮೇಲೆ ಬಂದು ನನ್ನನ್ನೂ ಮುರಿಯುತ್ತಿದ್ದರು. ಕೈ ತಾನಾಗಿ ಮೈಕಿಗೆ ಹೋಯಿತು. ಬಾಯಿ ತಾನಾಗಿ ಬಿಚ್ಚಿತು.

ಮೊದಲು ತೆಲುಗಿನಲ್ಲೇ ಹಿಡಿದೆ, ಯಾಕೆಂದರೆ ಅಪ್ಪ ಎರಡು ಗಂಟೆಯಿಂದ ತೆಲುಗು ಮಾತಾಡುತ್ತಿದ್ದವನು. “ಅಮ್ಮಾ, ಮೆಲ್ಲಗಾ ನಡುವು ತಲ್ಲೀ” — ಮೆಲ್ಲಗೆ ನಡಿಯಮ್ಮ ಅಂತ. ಆಮೇಲೆ ಉಸಿರು ಎಳೆದುಕೊಂಡು ನೋಡಿದರೆ ನನಗೆ ಬರುತ್ತಿರುವುದು ನಮ್ಮಪ್ಪನ ಭಾಷೆ. “ಟ್ರಂಕು ಭಾರ ಅಂತ ತಿಳ್ಕೋಬ್ಯಾಡ ಕಣವ್ವ. ತಲೆ ಮ್ಯಾಲೆ ಭಾರ ಇದ್ರೆ ಕತ್ತು ನೆಟ್ಟಗಿರ್ತದೆ. ನೀನು ಒಂಟೋದ್ಮ್ಯಾಲೆ ಬಗ್ಗೋದು ಇದ್ದೇ ಅದೆ.” ಪರದೆಯ ಮೇಲೆ ಮಗಳು ಒಂದು ಸಲ ತಲೆಯೆತ್ತಿದಳು — ನನ್ನ ಮಾತು ಕೇಳಿದ ಹಾಗೇ! ಆಗ ನನಗೆ ಮದ ಏರಿತು. “ಅಲ್ಲಿ ಯಾರಾನಾ ನಿಮ್ಮಪ್ಪ ಏನ್ ಮಾಡ್ತಾನೆ ಅಂತ ಕೇಳಿದ್ರೆ ನಾಚ್ಕೋಬ್ಯಾಡ. ಸುಣ್ಣ ಸುಡ್ತಾನೆ ಅನ್ನು. ನಮ್ಮೂರ ಗೋಡೆಯೆಲ್ಲಾ ನಮ್ಮಪ್ಪನೇ ಬೆಳ್ಳಗೆ ಮಾಡಿರೋದು ಅನ್ನು.” ಬಸ್ಸು ಬಂತು. ಮುಂದಿನ ಬೆಂಚಿನ ತುಂಬ ಗಣಿಯ ತಮಿಳರು. ಅವರಿಗೆ ಬೇಜಾರಾಗಬಾರದಲ್ಲ? “ಪೋಯ್ಟ್ ವಾ ಕಣ್ಣು” — ಹೋಗಿ ಬಾ ಕಂದ — ಎಂದು ಅಪ್ಪನ ಬಾಯಲ್ಲಿ ತಮಿಳಿನಲ್ಲಿ ಹೇಳಿಸಿ ಕಳಿಸಿಕೊಟ್ಟೆ.

ದೀಪ ಹಾಕಿದರೆ — ಗಂಡಸರು ಟವಲಿನಿಂದ ಮುಖ ಒರೆಸುತ್ತಿದ್ದಾರೆ!

ತಮಾಷೆ ಕೇಳಿ. ತೆಲುಗು ಸಿನಿಮಾದ ಅಪ್ಪ ಕೊನೆಯ ಹತ್ತು ನಿಮಿಷ ಕನ್ನಡ ಮಾತಾಡಿದ, ತಮಿಳಿನಲ್ಲಿ ಮುಗಿಸಿದ, ದನಿಯೂ ಬೇರೆ — ಒಬ್ಬನಾದರೂ ‘ಇದೇನು’ ಅನ್ನಬೇಕಲ್ಲ? ಬೇರೆ ಯಾವ ಊರಿನಲ್ಲಾದರೂ ಅದೇ ದಿನ ಸಿಕ್ಕಿಬೀಳುತ್ತಿದ್ದೆ. ನಮ್ಮಲ್ಲಿ ಯಾವ ಅಪ್ಪ ಒಂದೇ ಭಾಷೆಯಲ್ಲಿ ಮಾತಾಡುತ್ತಾನೆ? ತೆಲುಗಿನಲ್ಲಿ ಕರೆದು, ಕನ್ನಡದಲ್ಲಿ ಬೈದು, ತಮಿಳಿನಲ್ಲಿ ಊಟಕ್ಕೆ ಕೂರಿಸುವ ಮನೆಗಳು ಇವು. ಅವರಿಗೆ ಅದು ಸಿನಿಮಾದೊಳಗಿನ ಮಾತೇ. ಮ್ಯಾನೇಜರು ಮಾತ್ರ ಬೂತಿಗೆ ಓಡಿಬಂದ.

“ಏನ್ಲಾ ಮಾಡ್ದೆ ನೀನು?”

“ತಪ್ಪಾಯ್ತಣ್ಣ.”

“ತಪ್ಪು ಮನೆ ಆಳಾಯ್ತು. ಫಸ್ಟ್ ಶೋಗೂ ಇದೇ ಏಳ್ಬೇಕು, ಒಂದಕ್ಷರ ಬಿಡಂಗಿಲ್ಲ!”

ನಾಲ್ಕು ವಾರ ಓಡಿತು. ಮೂರು ದಿನಕ್ಕೆ ಸತ್ತ ಸಿನಿಮಾ ನಮ್ಮೂರಿನಲ್ಲಿ ನಾಲ್ಕು ವಾರ! ದಿನಕ್ಕೆ ಮೂರು ಸಲ ಮಗಳನ್ನು ಬಸ್ಸು ಹತ್ತಿಸಿದೆ. ಒಂದು ದಿನ ನೆಗಡಿಯಾಗಿ ದನಿ ಒಡೆದರೆ, ‘ಇವತ್ತು ಅಪ್ಪ ಜಾಸ್ತಿ ಅತ್ತ’ ಎಂದು ಜನ ಮಾತಾಡಿಕೊಂಡರಂತೆ.

ನಾಲ್ಕನೇ ವಾರ ಶೇಷಾಚಲಂ ಗಾರು ಬಂದರು. ಸಿನಿಮಾ ನೋಡಲಿಕ್ಕಲ್ಲ — ನೋಡಿದ್ದರೆ ಅಲ್ಲೇ ಎಲ್ಲ ಮುಗಿಯುತ್ತಿತ್ತು. ಇಂಟರ್ವೆಲ್ಲಿನಲ್ಲಿ ಹಾರ ಹಾಕಿಸಿಕೊಂಡರು. ಜನ ಸುತ್ತಿಕೊಂಡು, “ಸಾರ್, ಕೊನೇ ಭಾಗ ನೆನೆಸ್ಕೊಂಡ್ರೆ ಈಗ್ಲೂ ಕಣ್ಣಾಗೆ ನೀರು ಬತ್ತದೆ” ಅಂದರು. ಅವರು ನೆಟ್ಟಗೆ ನನ್ನ ಬೂತಿಗೆ ಬಂದರು. ತೆಳ್ಳಗಿನ ಮನುಷ್ಯ, ಬಿಳಿ ಷರ್ಟು. ಮೆಷಿನ್ನಿನ ದೀಪದ ಕಾರ್ಬನ್ನು ಮೆತ್ತಿದ ನನ್ನ ಎರಡು ಕೈಗಳನ್ನೂ ಹಿಡಿದುಕೊಂಡರು. ತೆಲುಗಿನಲ್ಲಿ ಕೇಳಿದರು:

“ಕೊನೆಯ ರೀಲಿಗೆ ಸೌಂಡ್ ಎಷ್ಟಿಡ್ತೀಯಪ್ಪಾ?”

“ಸೊನ್ನೆ ಸಾರ್. ಸೂಜಿ ಬಿದ್ದರೂ ಕೇಳ್ತದೆ.”

ಅಷ್ಟೇ. ಅದೇ ಆ ಸುಳ್ಳು. ಅವರ ಕಣ್ಣು ತುಂಬಿತು. ಬೆನ್ನು ತಟ್ಟಿ ಹೊರಟುಹೋದರು, ಮ್ಯಾನೇಜರು ಬೇಗಬೇಗ ಟೀಗೆ ಕರೆದುಕೊಂಡು ಹೋದ. ನಾನು ಬೂತಿನಲ್ಲಿ ಒಬ್ಬನೇ ನಿಂತು — ನಕ್ಕೆ. ಹೌದು, ನಕ್ಕೆ. ಎಂಥ ಆಟ ಆಡಿಸಿದೆ ಅಂತ.

ನಗು ನಿಲ್ಲುವುದಕ್ಕೆ ಕೆಲವು ವರ್ಷ ಬೇಕಾಯಿತು. ಅವರು ಮುಂದಿನ ಸಿನಿಮಾ ಮಾಡಿದರು. ಕೊನೆಗೆ ಹದಿನೈದು ನಿಮಿಷ ಮೌನ. ಅದರ ಮುಂದಿನದಕ್ಕೆ ಇಪ್ಪತ್ತು. ನಿರ್ಮಾಪಕರು ಬೇಡ ಎಂದರೆ, ‘ಕೆಜಿಎಫ್‌ನಲ್ಲಿ ನಾಲ್ಕು ವಾರ ಓಡಿತಲ್ಲ’ ಅನ್ನುತ್ತಿದ್ದರಂತೆ. ಆ ಮೊದಲನೆಯದು ಬಿಟ್ಟು ಒಟ್ಟು ನಾಲ್ಕು ಸಿನಿಮಾ. ನಾಲ್ಕೂ ನೆಲಕಚ್ಚಿದವು. ಒಂದನ್ನು ನಾನೂ ನನ್ನ ಹೆಂಡತಿ ರತ್ನಮ್ಮನೂ ಬಂಗಾರಪೇಟೆಯಲ್ಲಿ ನೋಡಿದೆವು. ನಾವಿಬ್ಬರು ಸೇರಿ ಟಾಕೀಸಿನಲ್ಲಿ ಹನ್ನೊಂದು ಜನ. ಮೌನ ಶುರುವಾದಾಗ ಕತ್ತಲಲ್ಲಿ ನನ್ನ ಗಂಟಲು ಕೆರೆಯಿತು… ಕೈಯಲ್ಲಿ ಮೈಕಿರಲಿಲ್ಲ. ಆಮೇಲೆ ಅವರಿಗೆ ಯಾರೂ ಸಿನಿಮಾ ಕೊಡಲಿಲ್ಲ. ಬರೆದರು, ಊರೂರಿನಲ್ಲಿ ಮಾತಾಡಿದರು. ತೆಲುಗು ಪತ್ರಿಕೆಯಲ್ಲಿ, ಟಿವಿಯಲ್ಲಿ, ಎಲ್ಲಿ ನೋಡಿದರೂ ಅದೇ — ‘ಕೆಜಿಎಫ್‌ನ ಜನ, ನನ್ನ ಮೌನ’. ನಮ್ಮ ಬೀದಿಯವರು ಹೆಮ್ಮೆಪಡುತ್ತಿದ್ದರು. ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆಯುತ್ತಿದ್ದವನು ನಾನು.

ಹೋದ ವಾರ ಅವರು ಬಂದರು. ಇಲ್ಲಿನ ತೆಲುಗು ಸಾಹಿತ್ಯದ ಗೆಳೆಯರು ಭಾನುವಾರ ಬೆಳಿಗ್ಗೆ ರಾಬರ್ಟ್‌ಸನ್‌ಪೇಟೆಯಲ್ಲಿ ಸಭೆ ಇಟ್ಟಿದ್ದರು. ಎಂಬತ್ತು ದಾಟಿದೆ, ಕೋಲು ಹಿಡಿದಿದ್ದಾರೆ, ದನಿ ಮಾತ್ರ ಹಾಗೇ. ಒಂದು ಗಂಟೆ ಮಾತಾಡಿದರು. ಎಷ್ಟು ಚೆನ್ನಾಗಿ ಮಾತಾಡಿದರು ಅಂತೀರಿ! ‘ಕಥೆ ಬರೆಯುವಾಗ ಒಂದು ಸರಿಯಾದ ಪದಕ್ಕೆ ಎರಡೆರಡು ದಿನ ಕಾದವನು ನಾನು, ಕ್ಯಾಮೆರಾ ಹಿಂದೆ ನಿಂತ ಮೇಲೆ ಸಿಕ್ಕ ಪದವನ್ನು ಬಿಟ್ಟುಕೊಡುವುದು ಕಲಿತೆ’ ಅಂದರು. ‘ತಾಯಿ ಕಲಿಸಿದ ತೆಲುಗು ನನ್ನ ಮೈಯೊಳಗಿದೆ, ಆದರೆ ಪಕ್ಕದ ಮನೆಯವನ ದುಃಖಕ್ಕೆ ಅವನ ಭಾಷೆ ನನಗೆ ಗೊತ್ತಿರಬೇಕಿಲ್ಲ’ ಅಂದರು. “ಮೂರು ಭಾಷೆಯ ಈ ಊರು ಒಂದೂ ಭಾಷೆಯಿಲ್ಲದ ಹತ್ತು ನಿಮಿಷವನ್ನು ಅರ್ಥ ಮಾಡಿಕೊಂಡಿತು. ಅದನ್ನು ನಂಬಿಯೇ ಬದುಕಿದೆ” ಅಂದರು. ನಾನು ಮೂರನೇ ಸಾಲಿನಲ್ಲಿ ಕೂತು ನನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದೆ.

ಆಮೇಲೆ ಲ್ಯಾಪ್‌ಟಾಪಿನಿಂದ ಆ ಕೊನೆಯ ರೀಲನ್ನು ಪರದೆಗೆ ಹಾಕಿದರು. ಇದನ್ನು ನಾನು ಯೋಚಿಸಿರಲೇ ಇಲ್ಲ! ಅಪ್ಪ ನಡೆದ, ಮಗಳು ನಡೆದಳು. ಸದ್ದಿಲ್ಲ. ಒಂದು ನಿಮಿಷವಾಗಿಲ್ಲ, ಆಂಡರ್ಸನ್‌ಪೇಟೆಯಲ್ಲಿ ಹೂವು ಮಾರುವ ಲಕ್ಷ್ಮಮ್ಮ ಎದ್ದು ನಿಂತಳು.

“ಸಾಮೀ, ಮಾತ್ಯಾಕೆ ತೆಗೆದ್ಬುಟ್ರಿ?”

ಶೇಷಾಚಲಂ ಗಾರು ನಕ್ಕರು. “ಇದರಲ್ಲಿ ಮಾತೇ ಇಲ್ಲಮ್ಮಾ.”

“ಇಲ್ದೆ ಏನು! ನಾನು ಐದು ಸಲ ನೋಡಿವ್ನಿ. ಸುಣ್ಣ ಸುಡ್ತಾನೆ ಅನ್ನು, ನಮ್ಮೂರ ಗೋಡೆಯೆಲ್ಲಾ ನಮ್ಮಪ್ಪನೇ ಬೆಳ್ಳಗೆ ಮಾಡಿರೋದು ಅನ್ನು — ಅಂತಾನೆ. ನನ್ ಮಗಳನ್ನ ಗಂಡನ ಮನೆಗೆ ಕಳ್ಸುವಾಗ ನಾನೂ ಅಂಗೇ ಏಳಿದ್ದು, ನಮ್ಮವ್ವ ಊವು ಕಟ್ತಾಳೆ ಅನ್ನು ಅಂತ.”

“ಔದೌದು, ಆಮೇಲೆ ಪೋಯ್ಟ್ ವಾ ಕಣ್ಣು ಅಂತಾನೆ!” ಎಂದು ಹಿಂದಿನಿಂದ ಇನ್ನೊಬ್ಬರು.

ಶೇಷಾಚಲಂ ಗಾರು ಅವರ ಮುಖದ ನಗು ಹಾಗೇ ನಿಂತಿತ್ತು, ಕಣ್ಣಿನಿಂದ ಮಾತ್ರ ಹೋಗಿತ್ತು. “ಎವರು ಚೆಪ್ಪಾರು ಈ ಮಾಟಲು?” ಅಂದರು — ಯಾರು ಹೇಳಿದ್ದು ಈ ಮಾತು? ತಮ್ಮಷ್ಟಕ್ಕೆ ಕೇಳಿಕೊಂಡ ಹಾಗೆ.

ಪಕ್ಕದಲ್ಲಿ ಕೂತಿದ್ದ ರತ್ನಮ್ಮ ಮೊಣಕೈಯಲ್ಲಿ ತಿವಿದಳು. “ಏಳಿ ಮ್ಯಾಕೆ. ನಿಮ್ದೇ ಗಂಟ್ಲು ಅದು.”

“ನಿಂಗೆಂಗೆ ಗೊತ್ತೇ?”

“ಮದ್ವೆ ಆದ ಮಾರ್ನೇ ದಿನ ನೀರು ಕೊಡವ್ವ ಅಂದ್ರಲ್ಲ, ಆವತ್ತೇ ಗೊತ್ತಾಯ್ತು. ಸಿನಿಮಾದಪ್ಪ ನಮ್ಮನ್ಯಾಗೆ ಬಂದವ್ನೆ ಅಂತ. ನೀವೇ ಏಳ್ತೀರೇನೋ ಅಂತ ಕಾಯ್ತಿವ್ನಿ.”

ನಲವತ್ತು ವರ್ಷ ಕಾದಿದ್ದಾಳೆ! ನಾನು ಊರನ್ನೆಲ್ಲ ಆಟ ಆಡಿಸಿದೆ ಅಂದುಕೊಂಡಿದ್ದೆ.

ಎದ್ದೆ. ಎಲ್ಲ ಹೇಳಿದೆ. ಜನ ಕೂಗಿದ್ದು, ಬೆಂಚು ಬಡಿದದ್ದು, ಚಪ್ಪಲಿ ಬಿದ್ದದ್ದು, ಮೈಕು ಹಿಡಿದದ್ದು, ಸೊನ್ನೆ ಸಾರ್ ಎಂದದ್ದು. ಅವರು ಕೋಲಿನ ಮೇಲೆ ಗದ್ದ ಇಟ್ಟುಕೊಂಡು ಕೇಳಿದರು. ಕೇಳಿ, ಬೆರಳಾಡಿಸಿ ಕರೆದರು.

“ಇಲ್ಲಿ ಬಾ. ಮಾಡಿ ತೋರಿಸು.”

“ಸಾರ್…”

“ನನ್ನ ಸಿನಿಮಾಗೆ ನಾನೇ ಟಿಕೆಟ್ ತಗೊಳ್ಳಬೇಕೇನಯ್ಯಾ? ಬಾ!”

ರೀಲನ್ನು ಮೊದಲಿನಿಂದ ಹಾಕಿದರು. ಮೈಕು ಕೈಗೆ ಬಂತು. ಹಲ್ಲು ನಾಲ್ಕು ಹೋಗಿವೆ, ದನಿ ಗೊರಗೊರ — ಆದರೂ ಹೇಳುತ್ತೇನೆ, ಒಂದಕ್ಷರ ತಪ್ಪಲಿಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ಸಭೆಯೇ ನನ್ನ ಜೊತೆ ಹೇಳುತ್ತಿತ್ತು. ಕೊನೆಯ ತಮಿಳು ಮಾತನ್ನು ನಾನು ಹೇಳಲೇ ಇಲ್ಲ, ಅವರೇ ಹೇಳಿದರು. ಶಿಳ್ಳೆ, ಚಪ್ಪಾಳೆ. ಲಕ್ಷ್ಮಮ್ಮ ಬುಟ್ಟಿಯಲ್ಲಿದ್ದ ಕನಕಾಂಬರದ ಹಾರವನ್ನು ನಿರ್ದೇಶಕರಿಗೆ ಹಾಕಲು ಹೋಗಿ, ಸ್ವಲ್ಪ ಯೋಚಿಸಿ, ನನಗೆ ಹಾಕಿದಳು.

“ಆ ಅಪ್ಪ ಇಷ್ಟು ಮಾತಾಡೋನಲ್ಲ,” ಅಂದರು ಶೇಷಾಚಲಂ ಗಾರು. ಥೇಟ್ ಮೇಷ್ಟರ ಹಾಗೆ. “ಸುಣ್ಣದ್ದು ಇರಲಿ. ಟ್ರಂಕಿನ ಮಾತು ಉದ್ದ. ಬಗ್ಗೋದು ಅನ್ನೋದು ಬೇಡ.”

“ಅಲ್ಲೇ ಸಾರ್ ಜನ ಅಳ್ತಿದ್ದದ್ದು!”

“ಅಳಿಸೋದು ಸುಲಭ ಕಣಯ್ಯಾ.”

“ನಿಮ್ಗೆ ಆಗ್ಲಿಲ್ವಲ್ಲ ಸಾರ್ ಮತ್ತೆ!”

ಸಭೆ ಹೋ ಎಂದು ನಕ್ಕಿತು. ಅವರೂ ನಕ್ಕರು, ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವವರೆಗೆ. ಇಂಥ ಸಂತೋಷದ ದಿನ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ ಅಂದರೆ ರತ್ನಮ್ಮ ಬೈಯುತ್ತಾಳೆ, ಆದರೂ ಅಂದುಬಿಡುತ್ತೇನೆ.

ಮಧ್ಯಾಹ್ನ ಅವರನ್ನು ಬಂಗಾರಪೇಟೆಗೆ ಕರೆದುಕೊಂಡು ಹೋಗಿ ಆಂಧ್ರದ ಕಡೆಯ ರೈಲು ಹತ್ತಿಸುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ರತ್ನಮ್ಮನೂ ಬಂದಳು. ಪ್ಲಾಟ್‌ಫಾರಂ ಬೆಂಚಿನ ಮೇಲೆ ಮೂವರೂ ಟೀ ಕುಡಿದೆವು. ಅವರು ಚೀಲದಿಂದ ಒಂದು ಕಟ್ಟು ಹಾಳೆ ತೆಗೆದರು. ಸಿನಿಮಾದ ಬಗ್ಗೆ, ಭಾಷೆಯ ಬಗ್ಗೆ ಅವರು ಬರೆದದ್ದೆಲ್ಲ ಒಂದು ಪುಸ್ತಕವಾಗುತ್ತಿದೆಯಂತೆ. ಅದೇ ಕೊನೆಯದು, ಇನ್ನು ಕೈ ನಡುಗುತ್ತದೆ ಅಂದರು. ನಡುವೆ ನಮ್ಮೂರಿನ ಅಧ್ಯಾಯ. ಅದನ್ನು ಬಿಡಿಸಿ ತೊಡೆಯ ಮೇಲೆ ಇಟ್ಟುಕೊಂಡರು.

“ಪಿಳ್ಳಪ್ಪ, ಮೊದಲ ದಿನ ಎಷ್ಟು ಹೊತ್ತು ತಡೆದುಕೊಂಡರು ಅಂದೆ?”

“ಎರಡು ನಿಮಿಷ ಸಾರ್.”

“ಎರಡು ನಿಮಿಷಕ್ಕೇ ಚಪ್ಪಲಿ ಬಿತ್ತು.”

“ಔದು ಸಾರ್.”

“ಹಾಗಾದರೆ ನನ್ನ ಮೌನ ಅವರಿಗೆ ಮೆಷಿನ್ ಕೆಟ್ಟ ಹಾಗೆ ಕಂಡಿತು.” ಸಿಟ್ಟಿರಲಿಲ್ಲ. ಲೆಕ್ಕಮೇಷ್ಟರು ಉತ್ತರ ತಪ್ಪಾಗಿದೆ ಅಂತ ಒಪ್ಪಿಕೊಂಡ ಹಾಗೆ. “ನಾಲ್ಕು ಸಿನಿಮಾ… ಸರಿ ಬಿಡು. ಈಗಲಾದರೂ ತಿಳಿಯಿತಲ್ಲ. ಸುಳ್ಳನ್ನು ಅಚ್ಚು ಹಾಕಿಸಬಾರದು.”

ಜೇಬಿನಿಂದ ಪೆನ್ನು ತೆಗೆದು ಆ ಅಧ್ಯಾಯದ ಮೊದಲ ಹಾಳೆಯ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದರು. ಗೆರೆ ಸೊಟ್ಟಗಾಯಿತು. ಉಳಿದದ್ದನ್ನು ಊರಿಗೆ ಹೋಗಿ ತೆಗೆಸುತ್ತೇನೆ ಅಂದರು. ರೈಲು ಬಂತು. ಹತ್ತಿಸಿದೆ. ಕಿಟಕಿಯಿಂದ ಕೈ ಬೀಸಿದರು, ನಗುತ್ತಲೇ.

ಮನೆಗೆ ಬಂದೆವು. ಬಾಗಿಲು ತೆಗೆಯುತ್ತಾ ರತ್ನಮ್ಮ ಕೇಳಿದಳು:

“ಮೊದಲ್ನೇ ದಿನದ ಮ್ಯಾಟ್ನಿಗೆ ನಾನೂ ಬಂದಿದ್ದೆ. ಯಾರು ಕೂಗಿದ್ರು?”

ನಾನು ಬೀಗ ತಗೊಂಡು ಮೊಳೆಗೆ ನೇತುಹಾಕಿದೆ.

ಯಾರೂ ಕೂಗಲಿಲ್ಲ. ಇಷ್ಟೂ ಬರೆದದ್ದರಲ್ಲಿ ನಾನು ಕಟ್ಟಿದ್ದು ಅದೊಂದೇ — ಆ ಗಲಾಟೆ. ಬೆಂಚು ಬಡಿಯಲಿಲ್ಲ, ಚಪ್ಪಲಿ ಹಾರಲಿಲ್ಲ. ಸಭೆಯಲ್ಲಿ ಎಲ್ಲರೆದುರು ಎದ್ದು ನಿಂತಾಗ ಬಾಯಿಗೆ ಬಂತು, ಹೇಳಿಬಿಟ್ಟೆ. ನಿಮಗೂ ಅದನ್ನೇ ಹೇಳಿದೆ. ನಿಜ ಇಷ್ಟು: ಆ ಮಧ್ಯಾಹ್ನ ಟಾಕೀಸು ತುಂಬ ಜನ ಉಸಿರು ಬಿಗಿಹಿಡಿದು ಕೂತಿದ್ದರು. ಬೀಡಿ ಹಚ್ಚಿದವರು ಅದನ್ನು ಎಳೆಯುವುದು ಮರೆತಿದ್ದರು. ಬೂತಿನ ಕಿಂಡಿಯಿಂದ ನೋಡಿದೆ — ಮುಂದಿನ ಬೆಂಚಿನಲ್ಲಿ ಒಬ್ಬ ದೊಡ್ಡಾಳು ಆಗಲೇ ಅಳುತ್ತಿದ್ದ, ಸದ್ದಿಲ್ಲದೆ. ಅಷ್ಟು ಜನ, ಅಷ್ಟು ಹೊತ್ತು, ಯಾವನೋ ಕಾಣದವನಿಗೆ ಸೋತು ಕೂತಿದ್ದಾರೆ. ನನ್ನ ಕಡೆ ಒಬ್ಬನಿಗೂ ಲಕ್ಷ್ಯವಿಲ್ಲ. ಅದನ್ನು ನನಗೆ ತಡೆಯಲಾಗಲಿಲ್ಲ. ಅದಕ್ಕೇ ಮೈಕು ಹಿಡಿದೆ. ನಾಲ್ಕು ವಾರ ಓಡಿದ್ದು ನನ್ನ ಮಾತಿಗೋ, ಶೇಷಾಚಲಂ ಗಾರು ಅವರ ಮೌನವೇ ಸಾಕಾಗುತ್ತಿತ್ತೋ — ಇನ್ನು ಯಾರಿಗೂ ಗೊತ್ತಾಗದ ಹಾಗೆ ಮಾಡಿದವನು ನಾನು.

ಶೇಷಾಚಲಂ ಗಾರು, ಇದನ್ನು ಅಚ್ಚಿಗೆ ಕೊಡುವ ಮೊದಲು ನಾಳೆ ಬೆಳಿಗ್ಗೆ ಫೋನಿನಲ್ಲಿ ನಿಮಗೆ ತೆಲುಗಿನಲ್ಲಿ ಓದಿ ಹೇಳುತ್ತೇನೆ. ಬೈಯಿರಿ. ಆದರೆ ಆ ಹಾಳೆಗಳನ್ನು ತೆಗೆಯಬೇಡಿ. ಎರಡು ನಿಮಿಷ ಆ ಜನ ಪೂರ್ತಿ ನಿಮ್ಮವರಾಗಿದ್ದರು. ಆಮೇಲೆ ನಾನು ಬಾಯಿ ತೆರೆದೆ.